ಮಸ್ಟರಿನ ಮೂರನೇ ಸಾಲು

ನಮ್ಮ ಸಾಲಿಗೆ ಹಾಜರಿ ಹಾಕೋ ಹೆಬ್ಬಟ್ಟಿನ ಮಶೀನ್ ಬಂದಾಗ ಎಲ್ಲಾರ ಬಟ್ಟು ತಗೊಂತು, ನಮ್ಮವಷ್ಟ ತಗೊಳ್ಳಲಿಲ್ಲ. ಟೀಚರ್‌ಗಳು ಬಂದು ಹಿಂಗ ಒತ್ತಿ ಹಂಗ ಹೋಗ್ತಿದ್ರು, ಹಸಿರು ದೀಪ ಹತ್ತತಿತ್ತು. ನಾವು ಐದು ಮಂದಿ ಆಯಾಗಳು ಒತ್ತಿದ್ರ ಕೆಂಪು. ಸೆರಗಿಗೆ ಒರೆಸಿಕೊಂಡು ಒತ್ತಿದ್ವಿ, ಕೊಬ್ರಿ ಎಣ್ಣಿ ಹಚ್ಚಿ ಒತ್ತಿದ್ವಿ, ಒಬ್ಬಾಕಿ ಅಂತೂ ಮಶೀನಿಗೆ ಕೈ ಮುಗಿದು ಒತ್ತಿದ್ಲು. ಊಹೂಂ. ಮಶೀನ್ ಕೂಡಿಸಲಿಕ್ಕೆ ಬಂದಾಂವ ನನ್ನ ಕೈ ಬೆಳಕಿಗೆ ಹಿಡಿದು ನೋಡಿ, "ಬಾಯಿ, ಇದರಾಗ ಗೆರಿನ ಇಲ್ಲ" ಅಂದ. ಎಲ್ಲಿಂದ ಇರ್ತಾವಪ್ಪಾ? ವರ್ಷಗಟ್ಟಲೆ ಸಂಡಾಸ ತೊಳಿಯೋ ಆಸಿಡ್‌ನಾಗ ಅದ್ದಿದ ಬಟ್ಟು ಇವು. ನನಗ ಸಿಟ್ಟು ಬಂತು. ಅಂವನ ಮ್ಯಾಲ ಅಲ್ಲ, ಆ ಕೆಂಪು ದೀಪದ ಮ್ಯಾಲ.

ಅದಕ್ಕ ನಮಗ ಅಂತ ಹಳೇ ಹಾಜರಿ ಮಸ್ಟರನ್ನ ಉಳಿಸಿದ್ರು. ಆಫೀಸಿನ ಕಿಡಕಿ ಕಟ್ಟಿ ಮ್ಯಾಲ ಒಂದು ಉದ್ದನ್ನ ವಹಿ, ಅದಕ್ಕ ದಾರ ಕಟ್ಟಿದ ಪೆನ್ನು. ತಿಂಗಳಿಗೆ ಒಂದು ಪುಟ, ಪುಟಕ್ಕ ಐದು ಸಾಲು. ಮೂರನೇ ಸಾಲು ನಂದು, ನಾಕನೇದು ಅಕ್ಕಂದು.

ಸಾಲಿ ಇರೋದು ವಡಾಲದಾಗ. ಏಳಕ್ಕ ಗೇಟು. ಏಳು ಹೊಡೆದು ಐದು ನಿಮಿಷಕ್ಕ ಕ್ಲಾರ್ಕ್ ಬಂದು, ಮಸ್ಟರಿನಾಗ ಯಾರ ಸಹಿ ಮನಿ ಖಾಲಿ ಐತೋ ಅಲ್ಲೆ ಕೆಂಪು ಗೆರಿ ಎಳಿತಿದ್ದ. ಮೂರು ಕೆಂಪು ಬಿದ್ದ್ರ ಒಂದು ರಜಾ ಹೋತು. ನಮ್ಮ ಧಾರಾವಿ ಚಾಳಿನಾಗ ನಳಕ್ಕ ನೀರು ಬರೋದ ಆರಕ್ಕ. ನೀರು ಹಿಡದು ಬರಬೇಕೋ, ಸಹಿ ಮಾಡಲಿಕ್ಕೆ ಓಡಬೇಕೋ? ಹಾರ್ಬರ್ ಲೋಕಲ್‌ಗೆ ಬರಾಕಿದು ಇನ್ನೊಂದು ಗೋಳು. ಅದಕ್ಕ ನಮ್ಮೊಳಗ ಒಂದು ರೂಢಿ ಇತ್ತು. ಯಾರು ಮೊದಲ ಮುಟ್ಟತಾರೋ ಅವರು, ದಾರ್ಯಾಗ ಇದ್ದವರದು ಹಾಕಿಬಿಡೋದು. "ಹಾಕಿಬಿಡು" ಅಂತ ಫೋನ್ ಮಾಡಿದ್ರ ಸಾಕು. ಆದ್ರ ಒಂದು ಮಾತು. ದಾರ್ಯಾಗ ಇದ್ದಾಕಿಗಷ್ಟ ಹಾಕಬೇಕು, ಬರದ ಇರಾಕಿಗೆ ಹಾಕಬಾರದು. ಯಾರೂ ಬರೆದಿಟ್ಟ ಕಾಯ್ದೆ ಅಲ್ಲ ಇದು. ಆದ್ರೂ ಅಷ್ಟು ವರ್ಷದಾಗ ಒಬ್ಬಾಕೀನೂ ಮುರಿದಿದ್ದಿಲ್ಲ. ಮುರಿದಾಕಿ ನಾನ.

ಅಕ್ಕ ಅಂದ್ರ ನನ್ನ ಒಡಹುಟ್ಟಿದಾಕಿ ಅಲ್ಲ. ಕಲಬುರ್ಗಿ ಕಡೆಯಾಕಿ, ನಾ ವಿಜಾಪುರದಾಕಿ. ಧಾರಾವ್ಯಾಗ ಆಕಿ ಖೋಲಿ ನಮ್ಮ ಗಲ್ಲಿ ದಾಟಿ ಎರಡನೇ ಗಲ್ಲಿ. ನನಗಿಂತ ಹತ್ತು ವರ್ಷ ದೊಡ್ಡಾಕಿ, ಸಾಲ್ಯಾಗ ನನಗಿಂತ ಎರಡು ವರ್ಷ ಮೊದಲ ಸೇರಿದಾಕಿ. ಆದ್ರ ನಾ ಕಾಯಂ, ಆಕಿ ಠೇಕಾದಾಗ. ಯಾಕಂದ್ರ ನಾ ಹತ್ತನೇತ್ತ ಫೇಲಾದ್ರೂ ಸಾಲಿ ಕಲತಾಕಿ, ಆಕಿಗೆ ಅಕ್ಷರ ಇಲ್ಲ. ಹನ್ನೊಂದು ತಿಂಗಳು ದುಡಿಸಿಕೊಂಡು ಒಂದು ತಿಂಗಳು ಮನ್ಯಾಗ ಕೂಡಿಸ್ತಿದ್ರು, ಮತ್ತ ಹೊಸಾಕಿ ಅಂತ ತಗೊಳ್ತಿದ್ರು. ಹಿಂಗ ಹದಿನೆಂಟು ವರ್ಷ ಆಕಿ ಹೊಸಾಕಿನ ಆಗಿ ಉಳದ್ಲು! 

ಆಕಿಗೆ ಸಹಿ ಕಲಿಸಿದಾಕಿ ನಾನ. ಅದರ ಕತಿನೂ ಹೇಳಬೇಕು, ಇಲ್ಲಾಂದ್ರ ಮುಂದಿಂದು ತಿಳಿಯಂಗಿಲ್ಲ. ಒಮ್ಮೆ ನಮ್ಮ ಅತ್ತಿ ಸಾಯನ್ ದವಾಖಾನ್ಯಾಗ ಬಿದ್ದಿದ್ಲು. ಮುಂಜಾನೆ ಆಕಿಗೆ ಗಂಜಿ ಕುಡಿಸಿ ಬರೋದ್ರಾಗ ದಿನಾ ತಡಾ ಆಗತಿತ್ತು. ಎರಡು ಕೆಂಪು ಬಿದ್ದಿದ್ವು. ಅಕ್ಕ ತನ್ನ ಹೆಬ್ಬಟ್ಟಿನಾಕಿ, ನಂದು ಹೆಂಗ ಹಾಕ್ಯಾಳು? ಒಂದಿನ ಮಧ್ಯಾಹ್ನ ಡಬ್ಬಿ ಉಂಡ ಮ್ಯಾಲ ಬಚ್ಚಲ ಕಟ್ಟಿ ಮ್ಯಾಲ ಕೂತು, "ನಿನ್ನ ಸಹಿ ನನಗ ಕಲಸು" ಅಂದ್ಲು. ಮಕ್ಕಳ ಹಳೇ ಪರೀಕ್ಷಾ ಪೇಪರಿನ ಬೆನ್ನಿನ ಮ್ಯಾಲ ನಾ ಕನ್ನಡದಾಗ ಬರೆದು ಕೊಟ್ಟೆ. ಆಕಿ ನಾಲಿಗಿ ಹಲ್ಲಿನಾಗ ಕಚ್ಚಿಕೊಂಡು, ಪೆನ್ನನ್ನ ಕಸಬರಗಿ ಹಿಡದಂಗ ಹಿಡದು ಎಂಟು ದಿನ ತಿದ್ದಿದ್ಲು. ಒಂಬತ್ತನೇ ದಿನ ಮಸ್ಟರಿನಾಗ ಹಾಕಿದ್ಲು. ನಾ ಬಂದು ನೋಡ್ತೀನಿ, ನಂದು ಯಾವುದು, ಆಕಿ ಹಾಕಿದ್ದು ಯಾವುದು ನನಗ ತಿಳೀಲಿಲ್ಲ. ತನ್ನ ಹೆಸರು ಬರೆಯೋದು ಕಲಿಯೋಕಿಂತ ಮೊದಲ ನನ್ನ ಹೆಸರು ಬರೆಯೋದು ಕಲತ್ಲು ಆಕಿ. "ನಂದೇನ ಅವಸರ ಐತಿ, ಹೆಬ್ಬಟ್ಟು ಐತಲ್ಲ" ಅಂತಿದ್ಲು. ತನ್ನ ಸಹಿ ಕಲತಿದ್ದು ಆರು ತಿಂಗಳು ಬಿಟ್ಟು.

ಇನ್ನ ಯೂನಿಯನ್ ಮಾತು. ನಮ್ಮ ಸಂಸ್ಥಾದ್ದು ವಡಾಲದಿಂದ ಮಲಾಡ್ ತನಕ ಏಳೆಂಟು ಸಾಲಿ ಅದಾವ. ಅಲ್ಲಿರೋ ಪ್ಯೂನು, ಕ್ಲಾರ್ಕು, ಆಯಾ, ಪ್ರಯೋಗಶಾಲಿ ಹಮಾಲ, ಎಲ್ಲಾರಿಗೂ ಸೇರಿ ಒಂದು ಯೂನಿಯನ್. ಕಾಯಂ ಇದ್ದವರಿಗಷ್ಟ ಓಟು. ಠೇಕಾದವರು ಸಭಾಕ್ಕ ಬಂದ್ರ ಹಿಂದ ನಿಂದರಬೇಕು, ಚಹಾ ಕೊಟ್ಟ್ರ ಕುಡೀಬೇಕು. ಹಳೇ ಅಧ್ಯಕ್ಷ ಮಾಟುಂಗಾ ಕಡೆ ಸಾಲಿಯ ಹೆಡ್ ಕ್ಲಾರ್ಕ್. ಕೆಟ್ಟ ಮನಷ್ಯಾ ಅಂತ ಹೇಳಂಗಿಲ್ಲ. ಮದವಿಗೆ ಬರ್ತಿದ್ದ, ಮಣ್ಣಿಗೆ ಬರ್ತಿದ್ದ. ಆದ್ರ ಮ್ಯಾನೇಜ್‌ಮೆಂಟ್ ಮುಂದ ಕೂತ್ರ ಅಂವನ ಬಾಯಾಗ ಬರೇ "ಬಘೂ, ಬಘೂ" ಅನ್ನೋ ಮಾತು. ನೋಡೋಣ, ನೋಡೋಣ. ಹದಿನಾಕು ವರ್ಷ ನೋಡಿದ.

ಆ ವರ್ಷ ಮ್ಯಾನೇಜ್‌ಮೆಂಟ್ ಒಂದು ಮಾತಿಗೆ ಒಪ್ಪಿತ್ತು. ಠೇಕಾದಾಗ ಇರೋ ಆಯಾಗಳೊಳಗ ನಾಕು ಮಂದೀನ ಕಾಯಂ ಮಾಡೋದು. ಹೆಸರು ಯೂನಿಯನ್ ಅಧ್ಯಕ್ಷ ಕೊಡಬೇಕು. ಹಳಬರ ಲೆಕ್ಕದಾಗ ಮೊದಲನೇ ಹೆಸರು ಅಕ್ಕಂದ ಆಗಬೇಕು. ಆದ್ರ ಹಳೇ ಅಧ್ಯಕ್ಷ ಸಭಾದಾಗ, "ಆಕಿದು ಸರ್ವೀಸ್ ತುಂಡು ತುಂಡು ಐತಿ, ಕಷ್ಟ, ಬಘೂ" ಅಂದ. ಅಕ್ಕಗ ರಿಟೈರ್ ಆಗಲಿಕ್ಕೆ ಇನ್ನ ಮೂರು ವರ್ಷ ಉಳದಿತ್ತು. ಈಗ ಆಗಲಿಲ್ಲ ಅಂದ್ರ ಎಂದೂ ಇಲ್ಲ. ಕಾಯಂ ಆಗದ ಹೊರಗ ಬಿದ್ದ್ರ ಕೈಯಾಗ ಒಂದು ಕಾಗದಾನೂ ಇರಂಗಿಲ್ಲ, ಹದಿನೆಂಟು ವರ್ಷ ಎಲ್ಲಿದ್ದಿ ಅಂತ ಯಾರರೆ ಕೇಳಿದ್ರ ತೋರಸಲಿಕ್ಕೆ.

ಸಭಾ ಮುಗಿಸಿ ಬರೋವಾಗ ಬಸ್ ಸ್ಟಾಪಿನಾಗ ಆಕೀನ ಅಂದ್ಲು, "ಈ ಸಲ ನೀ ನಿಲ್ಲು."

"ಹುಚ್ಚಿ ಏನ ನೀ? ಆಯಾಗ ಯಾರ ಓಟ ಹಾಕ್ತಾರ?"

"ನಿನಗ ಬಾಯಿ ಐತಿ. ನಿನ್ನ ಬಾಯಿಗೆ ಹಾಕ್ತಾರ."

ಬಾಯಿ ಇರೋದು ಖರೆ. ಮನ್ಯಾಗ, ಚಾಳಿನಾಗ, ನಳದ ಪಾಳಿಯಾಗ ನನ್ನ ಬಾಯಿಗೆ ಎಲ್ಲಾರೂ ಹೆದರ್ತಿದ್ರು. ನಾ ನಿಂತೆ. ಅಕ್ಕನ್ನ ಕಾಯಂ ಮಾಡಸಲಿಕ್ಕೆ ನಿಂತೆ ಅಂತ ಎಲ್ಲಾರ ಮುಂದ ಹೇಳಿದೆ, ಅದು ಸುಳ್ಳಲ್ಲ. ಆದ್ರ ಹದಿನೈದು ದಿನ ಪ್ರಚಾರ ಮಾಡಿದ ಮ್ಯಾಲ ನನ್ನ ಒಳಗ ಇನ್ನೊಂದು ಸೇರಿಕೊಂತು. ಮಂದಿ ನಾ ಮಾತಾಡೋದನ್ನ ಕೇಳತಿದ್ರು. ಖುರ್ಚಿ ಮ್ಯಾಲ ಕುಂತ ಕ್ಲಾರ್ಕ್‌ಗಳು ನಾ ಬಂದ್ರ ಎದ್ದು "ಬಸಾ ತಾಯಿ" ಅಂತಿದ್ರು. ಜಲ್ಮದಾಗ ಯಾರೂ ನನಗ ಕೂಡು ಅಂದಿದ್ದಿಲ್ಲ. ಅದರ ರುಚಿ ಹತ್ತಿತು.

ಪ್ರಚಾರ ಅಂದ್ರ ಏನು? ನಮ್ಮ ಸಾಲಿ ಬಿಟ್ಟ ಮ್ಯಾಲ ಬ್ಯಾರೆ ಸಾಲಿ ಗೇಟಿಗೆ ಹೋಗಿ ನಿಂದರೋದು, ಮಧ್ಯಾಹ್ನ ಪಾಳಿ ಬದಲಾಗೋ ಹೊತ್ತಿಗೆ ಒಬ್ಬೊಬ್ಬರನ್ನ ಹಿಡಿಯೋದು, ಕೈಯಾಗ ಚೀಟಿ ಕೊಡೋದು. ಅಕ್ಕ ನನ್ನ ಜೋಡಿ ಬರ್ತಿದ್ಲು. ಆಕಿಗೆ ಓಟಿಲ್ಲ, ಆದ್ರೂ ಚೀಟಿ ಗಂಟು ಆಕಿ ಕೈಯಾಗ. "ನಮ್ಮ ತಂಗಿ ನಿಂತಾಳ್ರಿ" ಅಂತ ಆಕಿ ಹೇಳೋ ಮರಾಠಿ ಕೇಳಿ ಮಂದಿ ನಗ್ತಿದ್ರು, ಚೀಟಿ ತಗೊಳ್ತಿದ್ರು.

ಆ ಚೀಟಿ ಬರೆದಾಂವ ನಮ್ಮ ಸಾಲಿ ಕ್ಲಾರ್ಕ್, ಕೆಂಪು ಗೆರಿ ಎಳಿಯೋ ಅಂವನ. ಅಂವಗ ಹಳೇ ಅಧ್ಯಕ್ಷನ ಕಂಡ್ರ ಆಗತಿದ್ದಿಲ್ಲ, ಅದಕ್ಕ ನನ್ನ ಕಡೆ ಬಂದಿದ್ದ. ಛಂದ ಮರಾಠಿ ಒಳಗ ಬರೆದ. ಕೆಳಗ ನಾ ಕನ್ನಡದಾಗ ಸಹಿ ಮಾಡಿದೆ. ಒಂದಿನ ಒಂದು ಸಾಲಿ ಗೇಟಿನಾಗ ಒಬ್ಬ ವಯಸ್ಸಾದ ಪ್ಯೂನ್ ಚೀಟಿ ಓದಿ, ಓದಿ, ತಲಿ ಹಾಕಿ, ಕಡೀಕ ನನ್ನ ಸಹಿ ಮ್ಯಾಲ ಬಟ್ಟು ಇಟ್ಟು ಅಂದ, "ಹೇ ಕಾಯ್ ಕಿಡೇ?" ಇವೇನು ಹುಳಾ? ಸುತ್ತಲೂ ನಿಂತವರು ಹೋ ಅಂತ ನಕ್ಕರು. ನಾನೂ ನಕ್ಕೆ. ನಗದ ಏನ್ ಮಾಡ್ಲಿ, ಓಟು ಬೇಕಿತ್ತು. ಆದ್ರ ಮೈಯೆಲ್ಲಾ ಉರೀತು. ಬೆನ್ನ ಹಿಂದ ಯಾರೋ "ಬಾಹೇರ್ಚಿ" ಅಂದ್ರು, ಹೊರಗಿನಾಕಿ. ಈ ಊರಾಗ ಹುಟ್ಟಿದ ನನ್ನ ಎರಡು ಮಕ್ಕಳಿಗೆ ಕನ್ನಡ ಮಾತಾಡಲಿಕ್ಕೂ ಬರಂಗಿಲ್ಲ, ನಾ ಹೊರಗಿನಾಕಿ!

ಮರುದಿನ ಕ್ಲಾರ್ಕ್ ನನಗ ಮರಾಠಿ ಸಹಿ ಕಲಿಸಿದ. ಅದೂ ಹಳೇ ಪರೀಕ್ಷಾ ಪೇಪರಿನ ಬೆನ್ನಿನ ಮ್ಯಾಲನ. ಎರಡು ದಿನದಾಗ ಕೈ ಕೂತಿತು. "ಫಾರ್ಮಿನಾಗೂ ಇದನ್ನ ಹಾಕು, ಮಸ್ಟರಿನಾಗೂ ಇದನ್ನ ಹಾಕು, ಎರಡು ನಮೂನಿ ಇದ್ದ್ರ ಅವರು ತಕರಾರು ತಗೀತಾರ" ಅಂದ. ಅವತ್ತಿನಿಂದ ನನ್ನ ಸಹಿ ಮರಾಠಿ ಆತು. ಹೊಸ ಚೀಟಿ ಅಚ್ಚಾದ್ವು.

ಅಕ್ಕಗ ಇದನ್ನ ನಾ ಹೇಳಲಿಲ್ಲ. ದಿನಾ ನನ್ನ ಸಾಲಿನ ಕೆಳಗ ತನ್ನ ಸಹಿ ಹಾಕ್ತಾಳ, ನೋಡಿರ್ತಾಳ ಬಿಡು ಅಂದುಕೊಂಡೆ. ಹಂಗಂತ ಈಗ ಹೇಳ್ತೀನಿ. ಖರೆ ಮಾತಂದ್ರ ನಾಚಿಕಿ ಆಗಿತ್ತು. ಆಕಿ ನಾಲಿಗಿ ಕಚ್ಚಿ ಎಂಟು ದಿನ ತಿದ್ದಿದ ಸಹಿ ಅದು. ಅದನ್ನ ನಾ ನಾಕು ಓಟಿಗೆ ಬಿಟ್ಟೆ ಅಂತ ಯಾವ ಬಾಯಿಲೆ ಹೇಳ್ಲಿ? ಆಕಿ ಅಂತೂ ನೋಡಿರಲಿಲ್ಲ. ಸಾಲಿ ಓದಿದವರಿಗೆ ಅಕ್ಷರ ಕಣ್ಣಿಗೆ ಬೀಳತಾವ. ಆಕಿ ಕಣ್ಣಿಗೆ ಬೀಳತಿದ್ದದ್ದು ತನ್ನ ಖಾಲಿ ಮನಿ ಒಂದ.

ಚುನಾವಣಿಗೆ ಎಂಟು ದಿನ ಇತ್ತು. ಮಲಾಡ್ ಸಾಲಿಯಿಂದ ಕರೆ ಬಂತು. ಅಲ್ಲೆ ಓಟು ಭಾಳ. ಮುಂಜಾನೆ ಎಂಟೂವರೆಗೆ, ಎರಡೂ ಪಾಳಿಯವರು ಸೇರ್ತಾರ, ಬಂದು ಮಾತಾಡು ಅಂದ್ರು. ರಜಾ ಹಾಕಬೇಕಿತ್ತು. ಆದ್ರ ರಜಾ ಅಂದ್ರ ದೊಡ್ಡ ಮೇಡಮ್ ಕಡೆ ಹೋಗಬೇಕು, ಯಾಕ ಏನು ಅಂತ ಕೇಳ್ತಾರ. ಪ್ರಚಾರಕ್ಕ ಅಂದ್ರ ಕೊಡಂಗಿಲ್ಲ. ಹಿಂದಿನ ದಿನ ಬಚ್ಚಲ ಕಟ್ಟಿ ಮ್ಯಾಲ ಅಕ್ಕಗ ಹೇಳಿದೆ, "ನಾಳೆ ನಂದು ಹಾಕಿಬಿಡು. ಹನ್ನೆರಡರೊಳಗ ಬರ್ತೀನಿ."

ಆಕಿ ನನ್ನ ಮಾರಿ ನೋಡಿದ್ಲು. "ದಾರ್ಯಾಗ ಇರ್ತೀಯೇನು?"

"ಮಲಾಡ್‌ನಾಗ ಇರ್ತೀನಿ. ಅದೂ ದಾರಿನ ಅಂತ ತಿಳಕೊ."

"ಹಂಗ ಹಾಕಬಾರದವಾ."

"ಯಾರ ಸಲುವಾಗಿ ಹೊಂಟೀನಿ ನಾ? ನನ್ನ ಸಲುವಾಗಿ ಏನು?" ಅಂತ ಜಬರಿಸಿದೆ. ನನ್ನ ಬಾಯಿ ಹಂಗ, ಮುಂದಿನವರು ಮಾತು ಮುಗಿಸೋದ್ರಾಗ ಇದು ಮುಗಿಸಿರ್ತೈತಿ. ಆಕಿ "ಆತು" ಅಂದ್ಲು.

ಮರುದಿನ ವಡಾಲದಾಗ ಗೋರೆಗಾಂವ್ ಲೋಕಲ್ ಹತ್ತಿ, ಅಲ್ಲಿಳಿದು ಇನ್ನೊಂದು ಗಾಡಿ ಹಿಡಿದು ಒಂದ ಸ್ಟೇಷನ್ ಮುಂದ ಹೋಗಿ ಇಳದೆ. ಮಲಾಡ್‌ನಾಗ ಅವತ್ತು ನಾ ಮಾತಾಡಿದಂಗ ಮತ್ತೆಂದೂ ಮಾತಾಡಿಲ್ಲ. ಹೆಬ್ಬಟ್ಟಿನ ಮಶೀನಿನ ಕತಿ ಹೇಳಿದೆ. ಕೈ ಎತ್ತಿ ತೋರಿಸಿದೆ, ನೋಡ್ರಿ, ಇವರ ಸಂಡಾಸ ತೊಳದು ತೊಳದು ನನ್ನ ಗೆರಿ ಅಳಿಸಿ ಹೋಗ್ಯಾವ ಅಂತ. ಹೆಣ್ಮಕ್ಕಳು ಅತ್ತರು. ಒಬ್ಬ ಗಂಡಸಂತೂ ತನ್ನ ಬಟ್ಟು ನೋಡಿಕೊಂಡ. ಗೆದ್ದೆ ಅಂತ ನನಗ ಅಲ್ಲೇ ಗೊತ್ತಾತು. ಗಾಡ್ಯಾಗ ಬಾಗಲದಾಗ ನಿಂತು ಗಾಳಿ ಕುಡಕೋತ ವಾಪಸ್ ಬಂದೆ. ಅವತ್ತು ತಿಂಗಳ ಮೊದಲನೇ ದಿನ ಅನ್ನೋದು ನನಗ ನೆನಪಿದ್ದಿಲ್ಲ.

ಮೊದಲನೇ ದಿನ ಅಂದ್ರ ಮಸ್ಟರಿನಾಗ ಹೊಸ ಪುಟ. ಅಕ್ಕ ಮ್ಯಾಲಿನಿಂದ ಎಣಿಸಿಕೊಂಡು ಮೂರನೇ ಸಾಲಿನಾಗ ನನ್ನ ಹಳೇ ಕನ್ನಡ ಸಹಿ ಹಾಕಿದ್ಲು, ಅಚ್ಚ ಅಂದ್ರ ಅಚ್ಚ. ನಾಕನೇ ಸಾಲಿನಾಗ ತನ್ನದು ಹಾಕಿದ್ಲು. ಹಳೇ ಪುಟ ಇದ್ದಿದ್ರ ಪಕ್ಕದ ತಾರೀಖಿನ ಮನ್ಯಾಗ ನನ್ನ ಮರಾಠಿ ಸಹಿ ಕಂಡು ತಡೀತಿದ್ಲೋ ಏನೋ. ಇದ್ದಿದ್ದಿಲ್ಲ. ಮತ್ತ ಅವತ್ತ ಹಳೇ ಅಧ್ಯಕ್ಷನ ಕಡೆಯವರು ಯಾರೋ ದೊಡ್ಡ ಮೇಡಮ್‌ಗ ಫೋನ್ ಹಚ್ಚಿದ್ರಂತ, ನಿಮ್ಮ ಆಯಾ ಮಲಾಡ್‌ನಾಗ ಭಾಷಣ ಮಾಡಾಕ ಹತ್ಯಾಳ, ನಿಮ್ಮ ಸಾಲ್ಯಾಗ ಹಾಜರಿ ಐತೇನು ನೋಡ್ರಿ ಅಂತ.

ನಾ ಬಂದಾಗ ಅಕ್ಕ ಆಫೀಸಿನ ಹೊರಗ ನಿಂತಿದ್ಲು. ಕೈಯಾಗ ಇನ್ನೂ ನೆಲ ಒರೆಸೋ ಪೋಚಾ ಇತ್ತು. ನೀರು ಆಕಿ ಕಾಲ ಮ್ಯಾಲ ತೊಟ್ಟಿಕ್ಕತಿತ್ತು.

ದೊಡ್ಡ ಮೇಡಮ್ ಮಸ್ಟರನ್ನ ನನ್ನ ಕಡೆ ತಿರುಗಿಸಿ ಇಟ್ರು. ಚೀರಲಿಲ್ಲ, ಏನಿಲ್ಲ. "ಹೋದ ತಿಂಗಳ ಅರ್ಧದಿಂದ ನಿನ್ನ ಸಹಿ ಹಂಗ ಐತಿ, ಇವತ್ತು ಹಿಂಗ ಐತಿ. ಇದು ಯಾರು ಹಾಕಿದ್ದು?"

ನಾ ಅಕ್ಕನ ಕಡೆ ನೋಡಲಿಲ್ಲ. ಆಕಿ ಅಂದ್ಲು, "ನಾ ಹಾಕೀನಿ ಮೇಡಮ್."

"ಯಾರು ಹೇಳಿದ್ರು?"

ಅಲ್ಲಿ ಗೋಡಿ ಮ್ಯಾಲ ಗಡಿಯಾರ ಇತ್ತು, ಅಕ್ಕ ಅದನ್ನ ನೋಡಿಕೋತ ನಿಂತ್ಲು. ಮೇಡಮ್ ನನ್ನನ್ನ ಕೇಳಿದ್ರು. ನನ್ನ ಬಾಯಿ, ನಳದ ಪಾಳಿಯಾಗ ಹತ್ತು ಮಂದೀನ ಹಿಂದ ಸರಸೋ ಬಾಯಿ, ಬಂದ್ ಆತು. "ನಾಳೆ ಬರೆದು ಕೊಡು" ಅಂದ್ರು ಮೇಡಮ್.

ಸಂಜಿಮುಂದ ಕ್ಲಾರ್ಕ್ ಮತ್ತ ನನ್ನ ಕಡೆಯವರು ಇಬ್ಬರು ಸಾಲಿ ಮುಂದಿನ ಚಹಾದಂಗಡ್ಯಾಗ ಕೂತು ನನಗ ಲೆಕ್ಕ ತಿಳಿಸಿದ್ರು. ಯೂನಿಯನ್ ಕಾಯ್ದೆ ಪ್ರಕಾರ ವಿಚಾರಣಿ ಇದ್ದಾಕಿ ಚುನಾವಣಿಗೆ ನಿಲ್ಲಂಗಿಲ್ಲ. ನಾ ಹೇಳಿದೆ ಅಂತ ಒಪ್ಪಿಕೊಂಡ್ರ ನನಗೂ ಮೇಮೋ, ಆಕಿಗೂ ಮೇಮೋ, ಚುನಾವಣಿನೂ ಹೋತು. ಹೇಳಿಲ್ಲ ಅಂದ್ರ ಆಕಿಗೆ ಒಂದು ತಾಕೀತು, ಅಷ್ಟ. "ಗೆದ್ದ ಮ್ಯಾಲ ಅಧ್ಯಕ್ಷ ನೀನ. ನಾಕು ಹೆಸರು ಕೊಡಾಕಿ ನೀನ. ಮೊದಲನೇ ಹೆಸರು ಆಕಿದು ಬರಿ. ಈಗ ಇಬ್ಬರೂ ಮುಳುಗಿದ್ರ ಆಕೀನ ಯಾರು ಎತ್ತತಾರ?" ಅಂದ ಕ್ಲಾರ್ಕ್. ಛಂದ ಲೆಕ್ಕ. ತಪ್ಪು ಹುಡುಕಿದ್ರ ಸಿಗಲಿಲ್ಲ. ಅಂವನೇ ಕಾಗದ ಮರಾಠಿ ಒಳಗ ಬರೆದ: ಸದರಿ ದಿನ ನಾನು ವೈಯಕ್ತಿಕ ಕಾರಣಕ್ಕೆ ಗೈರುಹಾಜರಿದ್ದೆ. ಮಸ್ಟರಿನಲ್ಲಿರುವ ಸಹಿ ನನ್ನದಲ್ಲ. ನನ್ನ ಪರವಾಗಿ ಸಹಿ ಮಾಡಲು ನಾನು ಯಾರಿಗೂ ಹೇಳಿಲ್ಲ.

ಅದರ ಕೆಳಗ ನಾ ಹೊಸ ಸಹಿ ಹಾಕಿದೆ. ಕೈ ನಡಗಲಿಲ್ಲ. ನಡಗಿತ್ತು ಅಂತ ಬರೆದ್ರ ನಿಮಗ ಛಲೋ ಅನಸ್ತಿತ್ತು, ಆದ್ರ ನಡಗಲಿಲ್ಲ.

ಈ ಮಾತು ಕೇಳಿದವರಿಗೆಲ್ಲಾ ನಾ ಒಂದು ಹೇಳಿಕೋತ ಬಂದೀನಿ. ಅಕ್ಕನ ಖೋಲಿಗೆ ಹೋಗಿದ್ದೆ, "ಬರೆದು ಕೊಡವಾ, ನೀ ಗೆದ್ದ್ರ ನನ್ನ ಕಾಯಂ ಮಾಡೇ ಮಾಡ್ತೀ" ಅಂತ ಆಕೀನ ಹೇಳಿದ್ಲು ಅಂತ. ನನ್ನ ಗಂಡಗೂ ಹಂಗ ಹೇಳೀನಿ. ಸುಳ್ಳು. ನಾ ಆಕಿ ಖೋಲಿಗೆ ಹೋಗಲೇ ಇಲ್ಲ. ಎರಡು ಗಲ್ಲಿ ದಾಟಬೇಕಿತ್ತು, ದಾಟಲಿಲ್ಲ. ಆಕಿ ಏನೂ ಹೇಳಲಿಲ್ಲ, ಯಾಕಂದ್ರ ನಾ ಕೇಳಲಿಲ್ಲ.

ತಾಕೀತು ಬರಲಿಲ್ಲ. ಮೂರನೇ ದಿನ ಠೇಕೇದಾರನ ಮನಷ್ಯಾ ಬಂದು ಆಕಿಗೆ, ನಾಳಿಂದ ಬರಬ್ಯಾಡ ಅಂದ. ತಗದ್ವಿ ಅಂತ ಅನ್ನಲಿಲ್ಲ, ಬರಬ್ಯಾಡ ಅಂದ. ಠೇಕಾದವರನ್ನ ತಗಿಯೋದು ಬಿಡೋದು ಏನಿಲ್ಲ, ಬಾ ಅಂದ್ರ ಬರಬೇಕು, ಬ್ಯಾಡ ಅಂದ್ರ ಇಲ್ಲ. ಅಕ್ಕ ಸಂಡಾಸದ ಬೀಗದ ಕೈ ಕ್ಲಾರ್ಕ್ ಟೇಬಲ್ ಮ್ಯಾಲ ಇಟ್ಲು. ತನ್ನ ಬಕೀಟು ತೊಳದು ಬೋರಲ ಹಾಕಿದ್ಲು. ನಾ ಆವಾಗ ಒಂದನೇ ವರ್ಗದಾಗ ಒಂದು ಮಗು ವಾಂತಿ ಮಾಡಿಕೊಂಡಿದ್ದನ್ನ ಬಳೀತಿದ್ದೆ. ಮುಗಿದ ಮ್ಯಾಲೂ ಬಳೀತ ಕೂತೆ, ಆಕಿ ಗೇಟು ದಾಟೋ ತನಕ.

ನಾ ಗೆದ್ದೆ. ಭಾಳ ಅಂತರ ಏನಲ್ಲ, ಮಲಾಡ್ ಓಟಿನ ಮ್ಯಾಲ ಗೆದ್ದೆ. ಹಾರ ಹಾಕಿದ್ರು, ಪೇಢೆ ಹಂಚಿದ್ರು, ಹಳೇ ಅಧ್ಯಕ್ಷನೂ ಬಂದು ಕೈ ಮುಗಿದ. ನನಗ ಮಾತಾಡು ಅಂದ್ರು. "ಠೇಕಾದಾಗ ದುಡಿಯೋ ನನ್ನ ಅಕ್ಕ ತಂಗಿಯರ ಸಲುವಾಗಿ" ಅಂತ ಸುರು ಮಾಡಿದೆ. ಹಿಂದ ನಿಂತ ಠೇಕಾದ ಹೆಣ್ಮಕ್ಕಳು ಚಪ್ಪಾಳಿ ಹೊಡದ್ರು. ನನಗ ಅಲ್ಲೇ ನೆಲ ಬಿರಿಬಾರದಾ ಅನಿಸಿತು.

ಅಧ್ಯಕ್ಷ ಆದ ಮ್ಯಾಲ ಮೊದಲನೇ ಕೆಲಸ ಅದ ಮಾಡಿದೆ, ಅದನ್ನಾದ್ರೂ ನಂಬ್ರಿ. ನಾಕು ಹೆಸರು ಬರೆದೆ. ಮೊದಲನೇದು ಅಕ್ಕಂದು. ಎದಿ ಸೆಟಿಸಿಕೊಂಡು ಮ್ಯಾನೇಜ್‌ಮೆಂಟ್ ಮುಂದ ಹೋಗಿ ಕೂತೆ. ಹದಿನೆಂಟು ವರ್ಷ ದುಡದಾಕೀನ ಒಂದು ಸಹಿ ಸಲುವಾಗಿ ಹೊರಗ ಹಾಕೋದು ಅನ್ಯಾಯ, ಯೂನಿಯನ್ ಬಿಡಂಗಿಲ್ಲ, ಸಾಲಿ ಬಂದ್ ಮಾಡ್ತೀವಿ ಅಂದೆ. ಮಲಾಡ್‌ನಾಗ ಮಾತಾಡಿದ ದನಿಯಾಗ ಮಾತಾಡಿದೆ.

ದೊಡ್ಡ ಮೇಡಮ್ ಪೂರಾ ಕೇಳಿದ್ರು. ಆಮ್ಯಾಲ ಫೈಲ್ ತೆರೆದು, ಒಂದು ಕಾಗದ ನನ್ನ ಕಡೆ ತಿರುಗಿಸಿದ್ರು, ಅವತ್ತು ಮಸ್ಟರ್ ತಿರುಗಿಸಿದಂಗನ. "ಆಕಿ ಖೋಟಾ ಸಹಿ ಮಾಡ್ಯಾಳ ಅಂತ ನಾವು ಹೇಳಿಲ್ಲ. ಯೂನಿಯನ್ ಅಧ್ಯಕ್ಷರು ಹೇಳ್ಯಾರ. ಇದು ಸುಳ್ಳಂತ ಈಗ ಬರೆದು ಕೊಡ್ತೀರೇನು?"

ಸುಳ್ಳಂತ ಬರೆದ್ರ ನನ್ನ ಮ್ಯಾಲ ವಿಚಾರಣಿ. ಅಧ್ಯಕ್ಷಗಿರಿ ಹೋಗತೈತಿ, ಕಾಯಂ ನೌಕರಿನೂ ಹೋದೀತು. ಚುನಾವಣಿ ರದ್ದಾಗತೈತಿ, ಉಳಿದ ಮೂರು ಹೆಸರೂ ಮಣ್ಣಾಗತಾವ. ಆ ಮೂರು ಹೆಣ್ಮಕ್ಕಳು ಹೊರಗ ಬೆಂಚಿನ ಮ್ಯಾಲ ಕೂತಿದ್ರು, ಹೊಸಾ ಸೀರಿ ಉಟ್ಟುಕೊಂಡು ಬಂದಿದ್ರು. ಅವರ ಸಲುವಾಗಿ ಸುಮ್ಮನಾದೆ ಅಂತ ಹೇಳಿಕೊಳ್ಳಲಿಕ್ಕೆ ಎಷ್ಟು ಅನುಕೂಲ ನೋಡ್ರಿ. "ಬಘೂ" ಅಂದೆ. ನನ್ನ ಬಾಯಿಂದ ಆ ಮಾತು ಬಂತು. ಅಕ್ಕನ ಹೆಸರು ತಗದು ಬ್ಯಾರೆ ಹೆಸರು ಬರೆದು ಕೊಟ್ಟೆ. ನಾಕೂ ಮಂದಿ ಕಾಯಂ ಆದ್ರು. ಹದಿನಾಕು ವರ್ಷದಾಗ ಆಗದ್ದನ್ನ ನಾ ಒಂದು ತಿಂಗಳದಾಗ ಮಾಡಿ ತೋರಸಿದೆ ಅಂತ ಮಂದಿ ಇವತ್ತಿಗೂ ಅಂತಾರ. ಎರಡನೇ ಸಲ ಯಾರೂ ನನ್ನ ಎದುರು ನಿಲ್ಲಲೂ ಇಲ್ಲ.

ಅಕ್ಕ ಈಗ ನಮ್ಮ ಧಾರಾವ್ಯಾಗನ ಒಂದು ಪ್ಲಾಸ್ಟಿಕ್ ಗೋದಾಮಿನಾಗ ಬಾಟ್ಲಿ ಮುಚ್ಚಳ ಬಣ್ಣದ ಮ್ಯಾಲ ಆರಿಸೋ ಕೆಲಸ ಮಾಡ್ತಾಳ. ದಾರ್ಯಾಗ ಸಿಕ್ಕ್ರ "ಉಂಡ್ಯಾ?" ಅಂತ ಕೇಳ್ತಾಳ. ಸಿಟ್ಟು ಮಾಡಿಲ್ಲ, ಬೈದಿಲ್ಲ. ಬೈದಿದ್ರ ನಾನೂ ನಾಕು ಬೈದು, ಅತ್ತು, ಹಗುರ ಆಗತಿದ್ದೆ. ಆಕಿ ಅದನ್ನೂ ಕೊಡಲಿಲ್ಲ.

ಹೋದ ತಿಂಗಳು ಠೇಕೇದಾರನ ಕಡೆಯಿಂದ ಆಕಿ ಪಗಾರದಾಗ ಕಡಿದಿಟ್ಟ ರೊಕ್ಕ ತಗೊಳ್ಳೋ ಪಿ.ಎಫ್. ಫಾರ್ಮ್ ಬಂತು. ನನ್ನ ಯೂನಿಯನ್ ಆಫೀಸಿಗೆ ಬಂತು, ನಾನ ಹಿಡಕೊಂಡು ಹೋಗಬೇಕಾತು. ಒಂದು ಐತವಾರ ಮಧ್ಯಾಹ್ನ ಕಡೀಕ ಆ ಎರಡು ಗಲ್ಲಿ ದಾಟಿದೆ. ಆಕಿ ಬಾಗಲದಾಗ ಕೂತು ಅಕ್ಕಿ ಆರಸ್ತಿದ್ಲು. ಸರದು ಜಾಗಾ ಮಾಡಿದ್ಲು. ನಾ ಫಾರ್ಮ್ ತಗದು, ಪೆನ್ನಿನ ಟೋಪಿ ಬಿಚ್ಚಿ, "ಇಲ್ಲೆ ಸಹಿ ಮಾಡಕ್ಕಾ" ಅಂದೆ.

ಆಕಿ ಪೆನ್ನು ತಗೊಳ್ಳಲಿಲ್ಲ. "ಸಹಿ ಬಿಟ್ಟೆ. ಹೆಬ್ಬಟ್ಟು ಒತ್ತತೀನಿ" ಅಂದ್ಲು.

"ಯಾಕ? ಛಂದ ಬರ್ತಿತ್ತಲ್ಲ ನಿನಗ."

"ಯಾಕ ಬೇಕವಾ. ನಾಳೆ ಮತ್ತ ಯಾರರೆ ಇದು ನಿಂದಲ್ಲ ಅಂತಾರ."

ಪಕ್ಕದ ಅಂಗಡಿಯಿಂದ ಮಸಿ ಪ್ಯಾಡ್ ಇಸಕೊಂಡು ಬಂದೆ. ನಾನ ಆಕಿ ಕೈ ಹಿಡದು ಹೆಬ್ಬಟ್ಟನ್ನ ಮಸಿಗೆ ಒತ್ತಿ, ಕಾಗದಕ್ಕ ಒತ್ತಿದೆ. ಎತ್ತಿ ನೋಡ್ತೀನಿ, ಒಂದು ನೀಲಿ ಕಲಿ, ಅಷ್ಟ. ಗೆರಿ ಇಲ್ಲ. ಇನ್ನೊಮ್ಮೆ ಒತ್ತಿಸಿದೆ. ಅದೂ ಹಂಗ ಬಂತು. ಆಕಿ ಮಸಿ ಬಟ್ಟನ್ನ ಸೆರಗಿಗೆ ಒರೆಸಿಕೋತ ಅಂದ್ಲು, "ಬಿಡು, ಕೆಳಗ ಸಾಕ್ಷಿ ಅಂತ ಒಂದು ಜಾಗಾ ಇರ್ತೈತಲ್ಲ. ಇದು ಆಕಿದ ಅಂತ ನೀ ಬರದ್ರ ಸಾಕು. ನಿನ್ನ ಸಹಿ ಎಲ್ಲಾರೂ ನಂಬತಾರ."

ಜಾಗಾ ಇತ್ತು. ಅಲ್ಲೆ ನಾ ನನ್ನ ಮರಾಠಿ ಸಹಿ ಹಾಕಿದೆ.